ಮೊದಲ ತಟ್ಟೆ

ಸರ್ಕಾರದ ಊಟದ ಮನೆಯಲ್ಲಿ ದಿನಾ ಎಲ್ಲರಿಗಿಂತ ಮೊದಲು ಉಣ್ಣುತ್ತಿದ್ದವಳು ಸೌಟಕ್ಕ. ಅವಳಿಗೊಂದು ಮೇಜು, ಕುರ್ಚಿ, ತೊಳೆದ ತಟ್ಟೆ, ಲೋಟದಲ್ಲಿ ನೀರು. ಎದುರಿಗೆ ಸೂಪರ್‌ವೈಸರ್ ಕೈಕಟ್ಟಿ ನಿಂತಿರುತ್ತಿದ್ದ. ಹೊಸಬರು ನೋಡಿದರೆ ಇವಳಾರೋ ಮಹಾರಾಣಿ ಅಂದುಕೊಳ್ಳಬೇಕು.

ಮಹಾರಾಣಿಯ ಕೈ ನೋಡಬೇಕಿತ್ತು. ಹಬೆಗೆ ಬೆಂದು ಬೆಂದು ಮೊಣಕೈವರೆಗೆ ಚರ್ಮ ಕೆಂಪಾಗಿ ದಪ್ಪಗಟ್ಟಿತ್ತು. ಬೆಳಕು ಹರಿಯುವ ಮೊದಲೇ ಬಂದು ಬರ್ನರ್ ಹೊತ್ತಿಸಬೇಕು. ಅದು ಭುಸುಗುಟ್ಟುವ ಸದ್ದಿಗೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಅದರ ಮೇಲೆ ಅವಳ ಎದೆಮಟ್ಟದ ಹಂಡೆ. ಅಕ್ಕಿ, ಬೇಳೆ, ತರಕಾರಿ ಎಲ್ಲ ಒಟ್ಟಿಗೆ ಬೇಯುವ ಗಟ್ಟಿ ಗಂಜಿ. ಸ್ಟೂಲ್ ಹತ್ತಿ ನಿಂತು, ದೋಣಿಯ ಹುಟ್ಟಿನಷ್ಟು ಉದ್ದದ ಸೌಟು ಹಿಡಿದು ತಿರುವಬೇಕು. ಒಂದು ಗಳಿಗೆ ಕೈ ನಿಲ್ಲಿಸಿದರೆ ತಳ ಹಿಡಿಯುತ್ತದೆ. ತಳ ಹಿಡಿದರೆ ಬೈಗುಳ. ಭುಜದ ಕೀಲು ಕಟಕಟ ಅನ್ನುತ್ತಿತ್ತು. ಬೂಟಿನೊಳಗೆ ನೀರು ಸೇರಿ ಕಾಲ್ಬೆರಳ ಸಂದಿ ಕೊಳೆತಿತ್ತು. ಅಲ್ಲಿ ಕೆಲಸಕ್ಕಿದ್ದವರೆಲ್ಲ ಹೊರಗಿನಿಂದ ಬಂದ ಹೆಂಗಸರೇ. ಆ ಊರಿನವರು ಯಾರೂ ಆ ಕೆಲಸಕ್ಕೆ ಬರುತ್ತಿರಲಿಲ್ಲ. ಯಾಕೆ ಬರುತ್ತಾರೆ? ಅವರಿಗೇನು ಹುಚ್ಚೇ?

ಮೊದಲ ತಟ್ಟೆಯ ಕಥೆ ಇಷ್ಟು. ಬೇರೆಲ್ಲೋ ಇಂಥದೇ ಊಟದ ಮನೆಯಲ್ಲಿ ಉಂಡವರು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದ್ದರಂತೆ. ಅಂದಿನಿಂದ ಒಂದು ಆರ್ಡರ್ ಬಂತು. ಬಡಿಸುವ ಮೊದಲು ಯಾರಾದರೂ ಒಬ್ಬರು ಒಂದು ತಟ್ಟೆ ಪೂರ್ತಿ ಉಣ್ಣಬೇಕು. ಸ್ವಲ್ಪ ಹೊತ್ತು ಕಾಯಬೇಕು. ಉಂಡವರಿಗೆ ಏನೂ ಆಗದಿದ್ದರೆ ಬಾಗಿಲು ತೆಗೆಯಬೇಕು. ಸೂಪರ್‌ವೈಸರ್ ಬಂದು ಸೌಟಕ್ಕನಿಗೆ, ಇನ್ನು ಮೇಲೆ ಮೊದಲ ಊಟ ನಿನ್ನದೇ ಅಂದ. ಯಾಕೆ ಏನು ಅಂತ ಹೇಳಲಿಲ್ಲ. ಅವನು ಎಲ್ಲದಕ್ಕೂ ‘ಆರ್ಡರ್ ಇದೆ’ ಅನ್ನುವ ಮನುಷ್ಯ. ಹೆಂಗಸರು ಅವನ ಬೆನ್ನ ಹಿಂದೆ ಆರ್ಡರಪ್ಪ ಅನ್ನುತ್ತಿದ್ದರು.

ಸೌಟಕ್ಕ ಅದನ್ನು ಮರ್ಯಾದೆ ಅಂದುಕೊಂಡಳು. ಅವಳು ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಮೊದಲ ತಟ್ಟೆ ಅಂದರೆ ಹಿರಿಯರದು. ದುಡಿದು ಬಂದವರಿಗೆ, ನೆಂಟರಿಗೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೋ ಅವರಿಗೆ. ಹೆಂಗಸಿನ ಕೈಗೆ ಅದು ಬಂದದ್ದನ್ನು ಅವಳು ಕಂಡೇ ಇರಲಿಲ್ಲ. ಸಂಜೆ ಮನೆಗೆ ಹೋಗಿ ಅತ್ತೆಗೆ ಹೇಳಿದಳು. ಅತ್ತೆ ಕೇಳಿ ಸುಮ್ಮನಿರುವ ಪೈಕಿಯಲ್ಲ. ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ, ಸಿಕ್ಕಸಿಕ್ಕವರ ಮುಂದೆ ಡಂಗುರ ಸಾರಿದಳು. ನನ್ನ ಸೊಸೆ ಉಣ್ಣದೆ ಈ ಊರಲ್ಲಿ ಒಬ್ಬರೂ ತುತ್ತು ಎತ್ತಲ್ಲ ಕಣೇ ಅಂತ.

ಅತ್ತೆ ಸೊಸೆ ಇಬ್ಬರೇ. ಗಂಡ ಇದ್ದ. ಈ ಊರಿನ ಎತ್ತರದ ಕಟ್ಟಡವೊಂದಕ್ಕೆ ಬಣ್ಣ ಬಳಿಯುತ್ತಾ ಹಲಗೆ ಮುರಿದು ಬಿದ್ದ. ಕಟ್ಟಡ ಈಗಲೂ ಥಳಥಳ ಹೊಳೆಯುತ್ತಿದೆ. ಅತ್ತೆ ಆ ದಾರಿಯಲ್ಲಿ ಹೋಗುವುದಿಲ್ಲ. ಸೌಟಕ್ಕನ ಸಂಬಳ ಬಾಡಿಗೆಗೆ, ಅತ್ತೆಯ ಮಾತ್ರೆಗೆ, ರಾತ್ರಿಯ ಒಂದು ಹೊತ್ತಿಗೆ ಸರಿಹೋಗುತ್ತಿತ್ತು. ಮಧ್ಯಾಹ್ನ ಅತ್ತೆ ಊಟದ ಮನೆಯ ಸಾಲಿನಲ್ಲಿ ನಿಂತು, ತನ್ನ ತಟ್ಟೆಗೆ ಸೊಸೆಯ ಕೈಯಿಂದಲೇ ಬಡಿಸಿಕೊಂಡು ಉಣ್ಣುತ್ತಿದ್ದಳು. ಬಾಯಲ್ಲಿ ಹಲ್ಲಿಲ್ಲ. ಮೆತ್ತಗಿನ ಗಂಜಿ ಅವಳಿಗೆ ಹೇಳಿ ಮಾಡಿಸಿದ ಹಾಗಿತ್ತು.

ತರಕಾರಿ ಹೆಚ್ಚುವವಳಿಗೆ ಈರುಳ್ಳಿ ಅಂತ ಹೆಸರು. ಸದಾ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಅವಳೇ ಒಂದು ದಿನ ನಿಜ ಹೇಳಿದಳು. ಅಕ್ಕಾ, ಅದು ಮರ್ಯಾದೆ ಅಲ್ಲ, ಮೊದಲು ನೀನು ಸಾಯ್ತೀಯಾ ಅಂತ ನೋಡ್ತಾರೆ ಅಷ್ಟೇ ಅಂದಳು. ಸೌಟಕ್ಕ ಸೌಟು ತಿರುವುತ್ತಲೇ ಇದ್ದಳು. ಆಮೇಲೆ ನಕ್ಕಳು. ಹೋಗಲಿ ಬಿಡೆ, ಹೊಟ್ಟೆ ತುಂಬುತ್ತಲ್ಲ ಅಂದಳು. ಅತ್ತೆಗೆ ಮಾತ್ರ ಹೇಳಲಿಲ್ಲ. ಮುದುಕಿ ಎದೆ ಉಬ್ಬಿಸಿಕೊಂಡು ತಿರುಗಲಿ, ಅದರಿಂದ ಯಾರ ಗಂಟು ಹೋಗುತ್ತದೆ?

ಹಾಗಿರುವಾಗ ಇನ್ನೊಂದು ಆರ್ಡರ್ ಬಂತು.

ಗೇಟಿಗೆ ಬೋರ್ಡ್ ಹಾಕಿದರು. ಊಟ ಇಲ್ಲಿಯವರಿಗೆ ಮಾತ್ರ. ಹೊರಗಿನಿಂದ ಬಂದು ನೆಲೆಸಿದವರಿಗೆ ಸರ್ಕಾರದ ಅನ್ನ ಇಲ್ಲ. ಕಟ್ಟಡ ಕಟ್ಟಲು ಹೊರಗಿನವರಾಗಬಹುದು. ಚರಂಡಿಗೆ ಇಳಿಯಲು, ಆಸ್ಪತ್ರೆಯ ನೆಲ ಒರೆಸಲು, ಇವರ ಹೆತ್ತವರ ಮಲ ಬಳಿಯಲು ಹೊರಗಿನವರೇ ಆಗಬೇಕು. ಅಂಗಡಿಯಲ್ಲಿ ಒಂದು ಸೋಪು ಕೊಂಡರೂ ಅದರ ಮೇಲಿನ ತೆರಿಗೆ ಸರ್ಕಾರಕ್ಕೆ ಹೋಗುತ್ತದೆ, ಆ ತೆರಿಗೆಗೆ ಹೊರಗಿನ ವಾಸನೆ ಬರುವುದಿಲ್ಲ. ತಟ್ಟೆ ಹಿಡಿದಾಗ ಮಾತ್ರ ಬರುತ್ತದೆ. ಥೂ.

ತೊಂದರೆ ಏನಾಯಿತು ಅಂದರೆ, ಸಾಲಿನಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಅಂತ ಮುಖ ನೋಡಿ ತಿಳಿಯುತ್ತಿರಲಿಲ್ಲ. ಹಸಿದವರ ಮುಖ ಎಲ್ಲ ಒಂದೇ ಥರ ಇರುತ್ತದೆ. ಎಷ್ಟೋ ಜನ ಇಲ್ಲಿಯವರ ಹತ್ತಿರವೂ ಗುರುತಿನ ಚೀಟಿ ಇರಲಿಲ್ಲ. ಆರ್ಡರಪ್ಪ ತಲೆ ಓಡಿಸಿದ. ಸೌಟಕ್ಕನನ್ನು ಒಲೆಯ ಹತ್ತಿರದಿಂದ ಕರೆದುಕೊಂಡು ಹೋಗಿ ಗೇಟಿನಲ್ಲಿ ನಿಲ್ಲಿಸಿದ.

“ನಿಮ್ಮವರು ಯಾರು ಅಂತ ನಿನಗೆ ಗೊತ್ತಿರುತ್ತೆ. ತೋರಿಸು,” ಅಂದ.

ಅವಳು ಏಪ್ರನ್ನಿಗೆ ಕೈ ಒರೆಸಿಕೊಂಡಳು. ಸಾಲಿನಲ್ಲಿ ಅವಳ ಕಡೆಯ ಕೂಲಿಯವರಿದ್ದರು. ಮಗು ಎತ್ತಿಕೊಂಡ ಒಬ್ಬ ಬಾಣಂತಿ ಇದ್ದಳು. ಅವಳ ಹಿಂದೆ, ತಟ್ಟೆಯನ್ನು ಎದೆಗೆ ಅವಚಿಕೊಂಡು ಅತ್ತೆ. ಎಲ್ಲರೂ ಇವಳ ಮುಖವನ್ನೇ ನೋಡುತ್ತಿದ್ದರು. ಬೆರಳು ಎತ್ತಿದರೆ ತನ್ನವರ ಹೊಟ್ಟೆಗೆ ಹೊಡೆದ ಹಾಗೆ. ಎತ್ತದಿದ್ದರೆ ಕೆಲಸ ಹೋದ ಹಾಗೆ. ಆರ್ಡರಪ್ಪ ಬೇಗ ಬೇಗ ಅನ್ನುತ್ತಿದ್ದ.

ಆಗ ಅತ್ತೆ ಸಾಲಿನಿಂದ ತಾನೇ ಆಚೆ ಬಂದಳು. “ಅವಳನ್ನ ಯಾಕಪ್ಪ ಗೋಳುಹುಯ್ಕೋತೀಯ? ನಾನು ಹೊರಗಿನವಳು. ಹೋಗ್ತೀನಿ ಬಿಡು,” ಅಂದಳು. ಸೊಸೆಯ ಮುಖ ನೋಡದೆ ಗೇಟು ದಾಟಿದಳು. ಅವಳ ಹಿಂದೆ ಬಾಣಂತಿ ಹೊರಟಳು. ಕೂಲಿಯವರು ಒಬ್ಬೊಬ್ಬರಾಗಿ ಹೊರಟರು. ಸೌಟಕ್ಕ ಬೆರಳು ಎತ್ತಲೇ ಇಲ್ಲ. ಎತ್ತುವ ಮೊದಲೇ ಕೆಲಸ ಮುಗಿದುಹೋಗಿತ್ತು. ಅವಳು ಒಳಗೆ ಹೋಗಿ ಮತ್ತೆ ಸ್ಟೂಲ್ ಹತ್ತಿದಳು.

ಅಂದಿನಿಂದ ಮಧ್ಯಾಹ್ನದ ಹೊತ್ತು ಅತ್ತೆಗೆ ನೀರೇ ಗತಿ. ರಾತ್ರಿ ಸೌಟಕ್ಕ ತನ್ನ ಪಾಲನ್ನೂ ಅವಳ ತಟ್ಟೆಗೆ ಹಾಕಲು ಹೋದರೆ ಕೈ ಅಡ್ಡ ಇಡುವಳು. ನನಗೆ ಹಸಿವೇ ಸತ್ತುಹೋಗಿದೆ ಕಣೇ, ಈ ವಯಸ್ಸಿಗೆ ಏನು ತಿಂತಾರೆ ಅನ್ನುವಳು. ಸುಳ್ಳಿ. ಗೋಡೆಯ ಕಡೆ ತಿರುಗಿ ಮಲಗಿದರೆ ಹೊಟ್ಟೆ ಗುಡುಗುಡು ಅನ್ನುವುದು ಕೋಣೆಗೆಲ್ಲ ಕೇಳುತ್ತಿತ್ತು. ನಲ್ಲಿಯ ಹತ್ತಿರ ಹೋಗಿ ಡಂಗುರ ಸಾರುವುದು ನಿಂತಿತು. ಆಮೇಲೆ ನಲ್ಲಿಗೆ ಹೋಗುವುದೇ ನಿಂತಿತು. ಒಂದು ದಿನ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದಳು.

ಧರ್ಮಾಸ್ಪತ್ರೆಯ ಡಾಕ್ಟರಮ್ಮ ಕಣ್ಣುರೆಪ್ಪೆ ಎಳೆದು ನೋಡಿದಳು, ಕೈಯ ಚರ್ಮ ಚಿವುಟಿ ನೋಡಿದಳು. ಕಾಯಿಲೆ ಏನೂ ಇಲ್ಲ, ಊಟ ಕೊಡಿ, ಹೀಗೇ ಬಿಟ್ಟರೆ ಹೆಚ್ಚು ದಿನ ಇರಲ್ಲ ಅಂದಳು. ಬೈಯಲಿಲ್ಲ, ಸುಮ್ಮನೆ ಹೇಳಿದಳು. ಊಟದ ಮನೆಯ ಅಡುಗೆಯವಳಿಗೆ ಹೇಳಿದಳು. ಸೌಟಕ್ಕನಿಗೆ ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಅವಳು ಆರ್ಡರಪ್ಪನನ್ನು ಕೇಳಿದಳು. ಮಿಕ್ಕಿದ್ದನ್ನಾದರೂ ಕೊಡಿ ಅಂದಳು. ಮಿಕ್ಕಿದ್ದು ದಿನಾ ಇರುತ್ತಿತ್ತು. ಕೂಲಿಯವರು ಬಿಟ್ಟ ಮೇಲೆ ಇನ್ನೂ ಹೆಚ್ಚೇ ಮಿಗುತ್ತಿತ್ತು. ಅದಕ್ಕೂ ಆರ್ಡರ್ ಇತ್ತು. ಮಿಕ್ಕ ಗಂಜಿಗೆ ಸೋಪಿನ ನೀರು ಸುರಿದು ಚರಂಡಿಗೆ ಬಿಡಬೇಕು. ಸೋಪಿನ ನೀರು ಯಾಕೆ? ಯಾರೂ ಬಾಚಿ ತಿನ್ನಬಾರದು ಅಂತ. ಅದನ್ನು ಸುರಿಯುವ ಕೆಲಸವೂ ಅವಳದೇ. ಮನೆಗೆ ಹೊರಡುವಾಗ ಗೇಟಿನವನು ಹೆಂಗಸರ ಚೀಲ ತಡಕುತ್ತಿದ್ದ, ಸೆರಗನ್ನೂ ಕೊಡವಿಸುತ್ತಿದ್ದ. ಆರ್ಡರಪ್ಪನಿಗೆ, ಕಾಲಿಗೆ ಬೀಳ್ತೀನಿ ಸಾರ್ ಅಂದಳು. ಬೀಳಲೂ ಹೋದಳು. ಅವನು ಹಿಂದೆ ಸರಿದ. ನನ್ನ ಕೈಯಲ್ಲಿ ಏನಿದೆಯಮ್ಮ, ಮೇಲಿನಿಂದ ಬಂದಿದ್ದು ಅಂದ. ಅವನೇನೂ ರಾಕ್ಷಸನಲ್ಲ. ಅವನ ಥರದವರಿಂದಲೇ ಇದೆಲ್ಲ ನಡೆಯುವುದು.

ಮರುದಿನ ಗಂಜಿ ಬೆಂದಿತು. ಮೇಜಿನ ಮೇಲೆ ತಟ್ಟೆ ಬಂತು. ಸೌಟಕ್ಕ ಕುರ್ಚಿಯಲ್ಲಿ ಕೂತಳು. ಕೈ ತೊಳೆದಿದ್ದಳು. ಗಂಜಿಯಿಂದ ಹಬೆ ಏಳುತ್ತಿತ್ತು. ಕಿಟಕಿಯಾಚೆ ಸಾಲು ಆಗಲೇ ಗೇಟಿನವರೆಗೆ ಬೆಳೆದಿತ್ತು. ಗೇಟಿನ ಹೊರಗೆ, ಗೋಡೆಯ ನೆರಳಲ್ಲಿ, ಬಿಟ್ಟುಹೋದವರಲ್ಲಿ ಕೆಲವರು ದಿನಾ ಬಂದು ಕೂರುತ್ತಿದ್ದರು. ಯಾಕೆ ಬರುತ್ತಿದ್ದರೋ. ವಾಸನೆಗೆ ಇರಬೇಕು. ಅವತ್ತು ಅತ್ತೆಯೂ ಬಂದು ಕೂತಿದ್ದಳು, ಬಾಣಂತಿಯ ಪಕ್ಕದಲ್ಲಿ, ತಟ್ಟೆ ಮಡಿಲಲ್ಲಿಟ್ಟುಕೊಂಡು.

ಸೌಟಕ್ಕ ಒಂದು ತುತ್ತು ಬಾಯಿಗಿಟ್ಟಳು. ಅದು ಇಳಿಯಲಿಲ್ಲ. ಎದ್ದು ಹೋಗಿ ಕಸದ ಬುಟ್ಟಿಗೆ ಉಗಿದು ಬಂದಳು. ತಟ್ಟೆಯನ್ನು ಮೇಜಿನ ನಡುವಿಗೆ ತಳ್ಳಿದಳು.

“ಏನಾಯ್ತು? ಕೆಟ್ಟಿದೆಯಾ?” ಆರ್ಡರಪ್ಪ ಗಾಬರಿಯಾದ.

“ಇಲ್ಲ ಸಾರ್, ಚೆನ್ನಾಗಿದೆ. ನಾನು ಉಣ್ಣಲ್ಲ.”

“ಅಂದ್ರೆ?”

“ನಮ್ಮತ್ತೆಗೆ ಇಲ್ಲದ್ದು ನನಗೂ ಬೇಡ. ಸಾಕಾಗಿದೆ ಸಾರ್.”

ಅವಳು ಕೂಗಲಿಲ್ಲ. ಕೂಗುವಷ್ಟು ತ್ರಾಣವೂ ಇರಲಿಲ್ಲ. ಬಸ್ಸು ತಪ್ಪಿಹೋಯಿತು ಅನ್ನುವ ಹಾಗೆ ಹೇಳಿ, ಎದ್ದು ಒಲೆಯ ಹತ್ತಿರ ಹೋಗಿ ನಿಂತಳು. ಗಂಜಿ ಆರದಿರಲಿ ಅಂತ ಉರಿ ಸಣ್ಣಗೆ ಮಾಡಿದಳು.

ಆರ್ಡರಪ್ಪ ಈರುಳ್ಳಿಯ ಕಡೆ ತಿರುಗಿದ. ಈರುಳ್ಳಿ ಕೈ ಬೆನ್ನ ಹಿಂದೆ ಇಟ್ಟುಕೊಂಡಳು. ನನಗೆ ಹೊಟ್ಟೆ ಸರಿಯಿಲ್ಲ ಅಂದಳು. ಪಾತ್ರೆ ತೊಳೆಯುವವರನ್ನು ಕೇಳಿದ. ಅವರು ನೆಲ ನೋಡಿದರು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಅವರಿಗೆ ಧೈರ್ಯ ಬಂದಿತ್ತು ಅಂತಲೂ ಹೇಳಲಾಗುವುದಿಲ್ಲ. ಬೇಸರ ಬಂದಿತ್ತು.

ಉಣ್ಣುವವರಿಲ್ಲದೆ ಬಾಗಿಲು ತೆಗೆಯುವ ಹಾಗಿಲ್ಲ. ಬಾಗಿಲ ಹೊರಗೆ ಸಾಲಿನ ತಲೆಯಲ್ಲಿ ನಿಂತಿದ್ದವನು ಲಾರಿ ತಾತ. ಆಯುಷ್ಯವೆಲ್ಲ ಲಾರಿ ಓಡಿಸಿ ಸೊಂಟ ಕಳೆದುಕೊಂಡವನು, ಹುಟ್ಟಿದ್ದೂ ಇದೇ ಊರಲ್ಲಿ. ದಿನಾ ಉಪ್ಪು ಕಮ್ಮಿ ಅಂತ ಸೌಟಕ್ಕನ ಜೊತೆ ಜಗಳ ಕಾಯುವುದು ಅವನ ರೂಢಿ. ಅವನು ಬಾಗಿಲು ಬಡಿದ. ವಿಷಯ ಗೊತ್ತಾದ ಮೇಲೆ ಸಾಲಿನಲ್ಲಿ ಗುಸುಗುಸು ಎದ್ದಿತು. ಹೊರಗಿನಿಂದ ಬಂದು ನಮ್ಮ ಅನ್ನಕ್ಕೇ ಕಲ್ಲು ಹಾಕ್ತಾಳಲ್ಲ ಅಂತ ಒಬ್ಬಳು ಶಪಿಸಿದಳು. ಸೌಟಕ್ಕ ಕೇಳಿಸಿಕೊಂಡಳು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವರ ಹೊಟ್ಟೆಯೂ ಚುರುಗುಟ್ಟುತ್ತಿತ್ತು.

ಲಾರಿ ತಾತ ಆರ್ಡರಪ್ಪನಿಗೆ, ನೀನೇ ಒಂದು ತಟ್ಟೆ ತಿಂದು ಬಾಗಿಲು ತೆಗೆಯಯ್ಯ ಅಂದ. ಆರ್ಡರಪ್ಪ ಗಂಜಿಯ ಕಡೆ ನೋಡಿದ. ಮುಖ ಸಿಂಡರಿಸಲು ಹೋಗಿ ತಡೆದುಕೊಂಡ. ನನಗೆ ಡಾಕ್ಟರು ಹೊರಗಿನ ಊಟ ಬೇಡ ಅಂದಿದ್ದಾರೆ ಅಂದ. ಇಷ್ಟು ದಿನ ಆ ಹಂಡೆಯ ಪಕ್ಕ ನಿಂತವನು ಒಂದು ಅಗುಳನ್ನೂ ನಾಲಗೆಗೆ ಮುಟ್ಟಿಸಿರಲಿಲ್ಲ ಅನ್ನುವುದು ಆಗ ಎಲ್ಲರಿಗೂ ಹೊಳೆಯಿತು.

ಅವನು ಸೌಟಕ್ಕನನ್ನು ಪಕ್ಕಕ್ಕೆ ಕರೆದ. ದನಿ ತಗ್ಗಿಸಿ ಒಂದು ದಾರಿ ಹೇಳಿದ. ಊಟಕ್ಕೆ ಬರುವವರು ಇಲ್ಲಿಯವರಾಗಿರಬೇಕು. ರುಚಿ ನೋಡುವವರು ಯಾರಾದರೂ ಆಗಬಹುದು, ಅದಕ್ಕೆ ಆರ್ಡರ್ ಅಡ್ಡ ಬರುವುದಿಲ್ಲ. ನಿಮ್ಮತ್ತೆಯನ್ನ ಕರಿ. ಇವತ್ತಿನಿಂದ ಮೊದಲ ತಟ್ಟೆ ಅವಳದೇ. ದಿನಾ ಬಂದು ಉಂಡು ಹೋಗಲಿ. ಬಾಯಿ ಮುಚ್ಚಿಕೊಂಡು ಕೆಲಸ ಮಾಡು.

ಸೌಟಕ್ಕ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಡಾಕ್ಟರಮ್ಮನ ಮಾತು ಕಿವಿಯಲ್ಲೇ ಇತ್ತು. ಓಡಿಹೋಗಿ ಅತ್ತೆಯನ್ನು ಕೈಹಿಡಿದು ಎಬ್ಬಿಸಿದಳು. ಅತ್ತೆಯ ತೋಳು ಕಡ್ಡಿಯಾಗಿತ್ತು. ಊಟ ಸಿಗುತ್ತೆ ಬನ್ನಿ ಅತ್ತೆ, ದಿನಾ ಸಿಗುತ್ತೆ ಅಂದಳು. ಬಾಣಂತಿ ತಲೆ ಎತ್ತಿ ನೋಡಿದಳು. ಸೌಟಕ್ಕ ಅವಳ ಕಣ್ಣು ತಪ್ಪಿಸಿದಳು.

ಅತ್ತೆ ಕುರ್ಚಿಯಲ್ಲಿ ಕೂತಳು. ಮೇಜು ನೋಡಿದಳು, ನೀರಿನ ಲೋಟ ನೋಡಿದಳು. ಅವಳ ಬೊಚ್ಚುಬಾಯಿ ಅರಳಿತು.

“ಇದೇ ಏನೇ ನಿನ್ನ ಕುರ್ಚಿ?”

“ಹೂಂ ಅತ್ತೆ. ಉಣ್ಣಿ.”

ಅತ್ತೆ ಗಂಜಿಗೆ ಬೆರಳು ಹಾಕಿ ಕಲಸಿದಳು. ಆರ್ಡರಪ್ಪ ಎದುರಿಗೆ ಬಂದು ನಿಂತ. ಪೂರ್ತಿ ತಿನ್ನಬೇಕಜ್ಜಿ, ಆಮೇಲೆ ಸ್ವಲ್ಪ ಹೊತ್ತು ಇಲ್ಲೇ ಕೂತಿರು, ವಾಂತಿಗೀಂತಿ ಬಂದರೆ ಕೂಡಲೇ ಹೇಳು ಅಂದ. ಅತ್ತೆಯ ಕೈ ನಿಂತಿತು. ಸೊಸೆಯ ಕಡೆ ತಿರುಗಿದಳು. ಯಾಕೆ ಹಾಗಂತಾನೆ ಅಂತ ಕೇಳಿದಳು. ಸೌಟಕ್ಕ ಹೇಳಲೇಬೇಕಾಯಿತು. ತಲೆ ಬಗ್ಗಿಸಿ ಎಲ್ಲವನ್ನೂ ಹೇಳಿದಳು.

ಕಲಸಿದ ತುತ್ತು ಅತ್ತೆಯ ಬೆರಳಲ್ಲೇ ಇತ್ತು.

“ಇಷ್ಟು ದಿನ ನಿನ್ನನ್ನ ಇದಕ್ಕೆ ಕೂರಿಸಿದ್ರಾ?”

“ಹೋಗಲಿ ಅತ್ತೆ. ನೀವು ಉಣ್ಣಿ. ನಿಮ್ಮ ಕಾಲಿಗೆ ಬೀಳ್ತೀನಿ.”

“ಆ ಹಸುಗೂಸಿನ ತಾಯಿ? ಅವಳೂ ಬರಬಹುದಾ?”

ಒಬ್ಬರಿಗೇ, ಅಂದ ಆರ್ಡರಪ್ಪ.

ಅತ್ತೆ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟಳು. ಎಷ್ಟು ಹಸಿದಿದ್ದಳೋ, ಬೆರಳನ್ನು ನೆಕ್ಕಲು ಬಾಯಿಯವರೆಗೆ ತಂದಳು, ಅಲ್ಲೇ ನಿಲ್ಲಿಸಿ ಲೋಟದ ನೀರಿನಲ್ಲಿ ಕೈ ತೊಳೆದಳು. ಮೇಜು ಹಿಡಿದು ಎದ್ದಳು.

“ನಾನೇನು ಇಲಿಯೇನಪ್ಪ? ನಾನು ಊಟಕ್ಕೆ ಬಂದಿದ್ದೀನಿ. ಪರೀಕ್ಷೆಗೆ ಬಂದಿಲ್ಲ.”

ಸೊಸೆ ಕೈ ಹಿಡಿಯಲು ಹೋದರೆ ಕೊಡವಿಕೊಂಡಳು. ಅವಳ ಸಿಟ್ಟು ಯಾರ ಮೇಲೆ ಅಂತ ಸೌಟಕ್ಕನಿಗೆ ತಿಳಿಯಲಿಲ್ಲ. ಅತ್ತೆ ತನ್ನ ತಟ್ಟೆ ತೆಗೆದುಕೊಂಡು, ಬಾಗಿಲಾಚೆ ಹೋಗಿ, ಗೋಡೆಗೆ ಕೈಯೂರಿಕೊಂಡು ಸಾಲಿನ ಉದ್ದಕ್ಕೂ ನಡೆದಳು. ಕೊನೆಯಲ್ಲಿ ಹೋಗಿ ನಿಂತಳು. ಅಂದು ಎಲ್ಲಿಂದ ತಾನೇ ಹೊರಟು ಹೋಗಿದ್ದಳೋ ಅದೇ ಸಾಲು. ಗೇಟಿನವನು ಏನೋ ಅಂದ. ಅವಳು ಕೇಳಿಸದವಳ ಹಾಗೆ ನಿಂತಿದ್ದಳು. ಅವನೂ ಎಷ್ಟು ಅಂತ ಹೇಳಿಯಾನು? ಮುಟ್ಟಿದರೆ ಬೀಳುವ ಮುದುಕಿ.

ಲಾರಿ ತಾತ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ. ಗೊಣಗುತ್ತಾ ಒಳಗೆ ಬಂದ. ಸೊಂಟ ಹಿಡಿದುಕೊಂಡು ಆ ಕುರ್ಚಿಯಲ್ಲಿ ಕೂತ. ಕೊಡು ಇಲ್ಲಿ, ನನಗೆ ಹಸಿವಾಗ್ತಿದೆ ಅಂದ. ಅವನು ಯಾರಿಗೂ ಉಪಕಾರ ಮಾಡಲು ಕೂತವನಲ್ಲ, ಅವನ ಹೊಟ್ಟೆ ಕೂರಿಸಿತು. ಆರಿದ ತಟ್ಟೆಯನ್ನು ಬಳಿದು ತಿಂದು, ಉಪ್ಪು ಕಮ್ಮಿ ಅಂದ. ಸ್ವಲ್ಪ ಹೊತ್ತು ಕಾದರು. ಅವನು ಸಾಯಲಿಲ್ಲ. ಬಾಗಿಲು ತೆರೆಯಿತು.

ಸೌಟಕ್ಕ ಬಡಿಸಲು ನಿಂತಳು. ಸೌಟು ಹಂಡೆಗೆ ಇಳಿಯಿತು, ಮೇಲೆ ಬಂತು, ತಟ್ಟೆಗೆ ಬಗ್ಗಿತು. ಶಪಿಸಿದವಳ ತಟ್ಟೆಗೂ ಎಂದಿನಷ್ಟೇ ಹಾಕಿದಳು. ಭುಜ ಕಿತ್ತುಬರುತ್ತಿತ್ತು. ಸಾಲು ಸಣ್ಣದಾಗುತ್ತಾ ಬಂತು. ಆರ್ಡರಪ್ಪ ಬಂದು ಅವಳ ಪಕ್ಕದಲ್ಲೇ ನಿಂತುಕೊಂಡ. ಕೊನೆಗೆ ಅತ್ತೆ ಬಂದಳು. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ತಟ್ಟೆ ಹಿಡಿದಿದ್ದಳು.

“ಇವಳಿಗೆ ಹಾಕಬೇಡ,” ಅಂದ ಆರ್ಡರಪ್ಪ.

ಸೌಟಕ್ಕ ಸೌಟು ಮುಳುಗಿಸಿದಳು. ತಳದವರೆಗೆ ಇಳಿಸಿ, ಗಟ್ಟಿಯಾದದ್ದನ್ನು ಎತ್ತಿದಳು. ಆರ್ಡರಪ್ಪ ತನ್ನ ಅಂಗೈಯನ್ನು ಅತ್ತೆಯ ತಟ್ಟೆಯ ಮೇಲೆ ಅಡ್ಡ ಇಟ್ಟ.

“ಹಾಕಿದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ.”

ಉಂಡು ಕೈ ತೊಳೆಯುತ್ತಿದ್ದವರು ಅಲ್ಲೇ ನಿಂತರು. ಅವಳ ಕಣ್ಣ ಮುಂದೆ ಬಾಡಿಗೆಯ ಕೋಣೆ ಬಂತು, ಅತ್ತೆಯ ಮಾತ್ರೆ ಬಂತು. ಭಯವಾಯಿತು. ಆದರೆ ಕೈ ಸೋತಿತ್ತು. ತುಂಬಿದ ಸೌಟನ್ನು ವಾಪಸ್ ಹಂಡೆಗೆ ಸುರಿಯುವುದು ಇನ್ನು ಅವಳಿಂದ ಆಗುವ ಹಾಗಿರಲಿಲ್ಲ.

“ಕೈ ತೆಗೀರಿ ಸಾರ್,” ಅಂದಳು. “ಬಿಸಿ ಇದೆ. ಸುಡುತ್ತೆ.”

ಅವನು ತೆಗೆಯಲಿಲ್ಲ. ಅವಳು ಇನ್ನೊಂದು ಸಲ ಹೇಳಲಿಲ್ಲ. ಸೌಟು ಬಗ್ಗಿಸತೊಡಗಿದಳು. ಅಂಚಿಗೆ ಬಂದ ಗಂಜಿ ಹಬೆಯಾಡುತ್ತಿತ್ತು. ಅವನು ಅವಳ ಮುಖ ನೋಡಿದ. ಥಟ್ಟನೆ ಕೈ ಎಳೆದುಕೊಂಡ.

ಗಂಜಿ ತಟ್ಟೆಗೆ ಬಿತ್ತು. ಅತ್ತೆ ಅಲ್ಲೇ, ನಿಂತಲ್ಲೇ, ಊದಿ ಊದಿ ತಿನ್ನಲು ಶುರುಮಾಡಿದಳು. ಸೊಸೆಯ ಕಡೆ ನೋಡಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಅವಳ ಹಿಂದೆ ಯಾವಾಗಲೋ ಬಾಣಂತಿ ಬಂದು ನಿಂತಿದ್ದಳು. ಅವಳ ಹಿಂದೆ ಕೂಲಿಯವರು. ಆರ್ಡರಪ್ಪ ಫೋನ್ ತೆಗೆದುಕೊಂಡು ಯಾರಿಗೋ ಮಾಡಲು ಹೊರಗೆ ಹೋದ.

ಅವನು ವಾಪಸ್ ಬರುವಷ್ಟರಲ್ಲಿ ಎಷ್ಟು ತಟ್ಟೆ ತುಂಬಿಸಬಹುದೋ ಅಷ್ಟು. ಸೌಟಕ್ಕ ಸೌಟನ್ನು ಎಡಗೈಗೆ ಬದಲಾಯಿಸಿಕೊಂಡಳು.

“ಮುಂದೆ ಬಾಮ್ಮ,” ಅಂದಳು. “ತಟ್ಟೆ ಹಿಡಿ.”